ಮೈಗೆ ಹಿಡಿಸುವುದು ಅಂದರೇನು? ಮೂಳೆಗೆ ಹಾಕುವ ಲೋಹ ಮತ್ತು ನಮ್ಮ ಜೀವಕೋಶ

ಒಂದು ಭಾನುವಾರ ಬೆಳಿಗ್ಗೆ ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಬಂದವರಲ್ಲಿ ಅರ್ಧದಷ್ಟು ಜನ ಹಿರಿಯರು. ಕೆಲವರು ಕೋಲು ಊರಿಕೊಂಡು ಬಂದಿದ್ದರು. ಮೊದಲು ಕೈ ಎತ್ತಿಸಿದೆ: ಯಾರ ಮೈಯಲ್ಲಿ ರಾಡ್, ಪ್ಲೇಟು, ಸ್ಕ್ರೂ ಇದೆ? ಹನ್ನೊಂದು ಕೈ ಮೇಲೆ ಬಂತು. ಮನೆಯಲ್ಲಿ ಯಾರಿಗಾದರೂ ಹಾಕಿದ್ದಾರಾ ಅಂದಾಗ ಮುಕ್ಕಾಲು ಸಭೆ ಕೈ ಎತ್ತಿತು.

ಆಮೇಲೆ ಒಂದು ಪ್ಲೇಟನ್ನು ಕೈಯಿಂದ ಕೈಗೆ ದಾಟಿಸಲು ಕೊಟ್ಟೆ. ನನ್ನ ಅಮ್ಮನ ಮುಂಗೈ ಮೂಳೆಯ ಮೇಲೆ ಆರು ವರ್ಷ ಕೂತಿದ್ದ ಪ್ಲೇಟು. ಬಚ್ಚಲಲ್ಲಿ ಜಾರಿ ಬಿದ್ದಾಗ ಹಾಕಿದ್ದು. ಅಲ್ಲಿ ಚರ್ಮ ತೆಳ್ಳಗಿರುವುದರಿಂದ ಬಳೆ ತಾಗಿದಾಗೆಲ್ಲ ನೋಯುತ್ತಿತ್ತು, ಅದಕ್ಕೆ ಕೊನೆಗೆ ತೆಗೆಸಿದೆವು. ಬೆರಳುದ್ದದ ಪಟ್ಟಿ, ಆರು ತೂತು. ದೂರದಿಂದ ನೋಡಿದರೆ ಹೊಸ ಚಮಚದ ಹಾಗೆ ಹೊಳೆಯುತ್ತದೆ. ಕಣ್ಣಿನ ಹತ್ತಿರ ತಂದರೆ ತೂತಿನ ಅಂಚಿನಲ್ಲಿ, ಸ್ಕ್ರೂವಿನ ತಲೆ ಒತ್ತಿ ಕೂತಿದ್ದ ಜಾಗದಲ್ಲಿ, ಒಂದು ಕಂದು ಕಲೆ ಕಾಣುತ್ತದೆ. ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ನೋಡಿದ್ದರು. ಹೋಗಲಿಲ್ಲ.

ಆ ಕಲೆಯ ಹಿಂದಿನ ಕಥೆ ಹೇಳಲು ನಾನು ಬಂದಿದ್ದು.

ಆಪರೇಷನ್ನಿಗೆ ಮುಂಚೆ ಅಮ್ಮ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ. "ಇದು ನನ್ನ ಮೈಗೆ ಹಿಡಿಸುತ್ತಾ ಸಾರ್?" ಡಾಕ್ಟರು, "ಏನೂ ಯೋಚನೆ ಮಾಡಬೇಡಿಮ್ಮ, ಈ ಸ್ಟೀಲು ಮೈಗೆ ಏನೂ ಮಾಡಲ್ಲ" ಅಂದರು. ಸಮಾಧಾನಕ್ಕೆ ಹೇಳಿದ ಮಾತು, ತಪ್ಪಿಲ್ಲ. ಆದರೆ ಹದಿನೈದು ವರ್ಷದಿಂದ ಪ್ರಯೋಗಾಲಯದಲ್ಲಿ ಲೋಹದ ಬಿಲ್ಲೆಗಳ ಮೇಲೆ ಮೂಳೆಯ ಜೀವಕೋಶಗಳನ್ನು ಸಾಕುತ್ತಾ ಬಂದಿರುವ ನನಗೆ ಅಮ್ಮನ ಪ್ರಶ್ನೆಯೇ ಜಾಸ್ತಿ ಸರಿ ಅನ್ನಿಸುತ್ತದೆ. ಮೈಗೆ ಏನೂ ಮಾಡದ ಲೋಹ ಅಂತ ಒಂದಿಲ್ಲ. ನಮ್ಮ ಕೋಶಗಳು ಪ್ರತಿ ಲೋಹವನ್ನೂ ತಡವಿ ನೋಡುತ್ತವೆ, ಅದಕ್ಕೆ ಏನೋ ಒಂದು ಉತ್ತರ ಕೊಡುತ್ತವೆ. ಕೆಲವು ಉತ್ತರ ನಮಗೆ ಒಳ್ಳೆಯದು. ಕೆಲವು ಅಲ್ಲ. ಹಿಡಿಸುವುದು ಅನ್ನುವ ಮಾತಿನಲ್ಲಿ ಎರಡು ಕಡೆಯವರಿದ್ದಾರೆ, ಅಲ್ವಾ? ಹಿಡಿಸುವ ವಸ್ತು ಒಂದು, ಹಿಡಿಸಿಕೊಳ್ಳುವ ಮೈ ಇನ್ನೊಂದು.

ಮೊದಲು ಲೋಹದ ಕಡೆ ನೋಡೋಣ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದು ಹಿರಿಯರಿಗೆ ನೆನಪಿರುತ್ತದೆ. ಕಲಾಯಿಯವರು ಬೀದಿಯಲ್ಲಿ ಕೂತು ತಿದಿ ಒತ್ತಿ ಕೆಂಡ ಮಾಡುತ್ತಿದ್ದರು. ಪಾತ್ರೆ ಕಾದ ಮೇಲೆ ನವಸಾಗರ ಉದುರಿಸಿ, ತವರ ಸವರಿ, ಬಟ್ಟೆಯಲ್ಲಿ ಒರೆಸಿದರೆ ಒಳಗೆಲ್ಲ ಬೆಳ್ಳಗಾಗುತ್ತಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿಟ್ಟರೆ ಕಿಲುಬು ಏಳುತ್ತದೆ, ತಿಂದವರಿಗೆ ಹೊಟ್ಟೆ ಕೆಡುತ್ತದೆ. ನಮ್ಮ ಮೈಯೊಳಗೂ ಹುಳಿಗೆ ಕಡಿಮೆಯಿಲ್ಲದ ದ್ರವವಿದೆ. ಉಪ್ಪು ನೀರು, 37 ಡಿಗ್ರಿ ಬಿಸಿ, ಜೊತೆಗೆ ಆಮ್ಲಜನಕ. ಕಬ್ಬಿಣ ಅದರಲ್ಲಿ ಬಾಳಿಕೆ ಬರಲು ಸಾಧ್ಯವೇ ಇಲ್ಲ.

ಸ್ಟೇನ್‌ಲೆಸ್ ಸ್ಟೀಲ್, ಟೈಟಾನಿಯಂ, ಕೋಬಾಲ್ಟ್ ಕ್ರೋಮಿಯಂ, ಈ ಮೂರೂ ತಮ್ಮ ಕಲಾಯಿಯನ್ನು ತಾವೇ ಹಾಕಿಕೊಳ್ಳುವ ಲೋಹಗಳು. ಗಾಳಿ ಸೋಕಿದ ಕ್ಷಣವೇ ಆಮ್ಲಜನಕ ಹೀರಿ ಮೇಲೆ ಒಂದು ಆಕ್ಸೈಡ್ ಪದರ ಹೊದ್ದುಕೊಳ್ಳುತ್ತವೆ. ಟೈಟಾನಿಯಂ ಮೇಲೆ ಆ ಪದರ ಕೆಲವೇ ನ್ಯಾನೋಮೀಟರ್ ದಪ್ಪ. ತಲೆಗೂದಲಿನ ದಪ್ಪ ಸುಮಾರು 70,000 ನ್ಯಾನೋಮೀಟರ್ ಅಂದರೆ ಇದು ಎಷ್ಟು ತೆಳು ಅಂತ ಲೆಕ್ಕ ಹಾಕಿ. ಗೀಚಿದರೆ ಹರಿಯುತ್ತದೆ, ಹರಿದಲ್ಲಿ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಸ್ಟೀಲಿಗೆ ಈ ಗುಣ ಬರುವುದು ಅದರಲ್ಲಿರುವ ಕ್ರೋಮಿಯಂನಿಂದ. ಮೂಳೆಗೆ ಬಳಸುವ 316ಎಲ್ ಸ್ಟೀಲಿನಲ್ಲಿ ನೂರಕ್ಕೆ 17ರಿಂದ 19 ಭಾಗ ಕ್ರೋಮಿಯಂ ಇರುತ್ತದೆ.

ಇದು ಗೊತ್ತಾಗುವ ಮುಂಚೆ ರೋಗಿಗಳು ಬಹಳ ಕಷ್ಟಪಟ್ಟಿದ್ದಾರೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಬೆಲ್ಜಿಯಂನ ಶಸ್ತ್ರವೈದ್ಯ ಆಲ್ಬನ್ ಲಾಂಬೋಟ್ ಒಬ್ಬ ಹುಡುಗನ ಮುರಿದ ಕಾಲಿಗೆ ಮೆಗ್ನೀಸಿಯಂ ಪ್ಲೇಟು ಇಟ್ಟು ಸ್ಟೀಲಿನ ಮೊಳೆ ಹೊಡೆದರು. ಎಂಟು ದಿನಕ್ಕೆ ಪ್ಲೇಟು ಕರಗಿಹೋಯಿತು. ಚರ್ಮದ ಕೆಳಗೆ ಅನಿಲ ತುಂಬಿ ಉಬ್ಬಿಕೊಂಡಿತು. ಎರಡು ಬೇರೆ ಲೋಹ, ನಡುವೆ ಉಪ್ಪು ನೀರು. ಅವರಿಗೆ ಅರಿವಿಲ್ಲದೆ ಆ ಕಾಲಿನೊಳಗೆ ಒಂದು ಬ್ಯಾಟರಿ ಆಗಿತ್ತು. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ವೆನಬಲ್, ಸ್ಟಕ್ ಅನ್ನುವ ವೈದ್ಯರು ನಾಯಿಗಳ ಮೂಳೆಯಲ್ಲಿ ಬೇರೆ ಬೇರೆ ಲೋಹ ಇಟ್ಟು ಇದನ್ನು ಕ್ರಮವಾಗಿ ಪರೀಕ್ಷಿಸಿದರು. ಲೋಹ ಕರಗಿದಷ್ಟೂ ಸುತ್ತಲಿನ ಮೂಳೆ ಹಾಳಾಗುತ್ತದೆ ಅಂತ ತೋರಿಸಿದರು. ವಿಟಾಲಿಯಂ ಅನ್ನುವ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹ ಮಾತ್ರ ಅವರ ಪರೀಕ್ಷೆಯಲ್ಲಿ ಗೆದ್ದಿತು.

ಹಾಗಾದರೆ ಅಮ್ಮನ ಪ್ಲೇಟಿಗೆ ಕಲೆ ಹೇಗೆ ಬಂತು? ಸ್ಕ್ರೂವಿನ ತಲೆ ಮತ್ತು ತೂತಿನ ನಡುವೆ ಕೂದಲೂ ಹೋಗದಷ್ಟು ಸಂದು ಇರುತ್ತದೆ. ಅಲ್ಲಿಗೆ ಹೊಸ ಆಮ್ಲಜನಕ ಸರಿಯಾಗಿ ಹೋಗುವುದಿಲ್ಲ. ಉಪ್ಪಿನಂಶ ಮಾತ್ರ ಕೂಡಿಕೊಳ್ಳುತ್ತಾ ಹೋಗುತ್ತದೆ. ಕೈ ಆಡಿಸಿದಾಗೆಲ್ಲ ಎರಡು ಲೋಹ ಒಂದಕ್ಕೊಂದು ಒಂದಿಷ್ಟೇ ಉಜ್ಜುತ್ತವೆ. ಉಜ್ಜಿದಾಗ ಕಲಾಯಿ ಹರಿಯುತ್ತದೆ, ಕೂಡಿಕೊಳ್ಳಲು ಆಮ್ಲಜನಕ ಇಲ್ಲ. ಆರು ವರ್ಷದಲ್ಲಿ ಅಲ್ಲಿಂದ ಸ್ವಲ್ಪ ಕಬ್ಬಿಣ, ಸ್ವಲ್ಪ ನಿಕಲ್, ಸ್ವಲ್ಪ ಕ್ರೋಮಿಯಂ ಅಮ್ಮನ ಮೈಗೆ ಸೇರಿದೆ. ಅಮ್ಮನಿಗೆ ಅದರಿಂದ ತೊಂದರೆ ಆಗಲಿಲ್ಲ. ಆದರೆ ಏನೂ ಆಗಲಿಲ್ಲ ಅನ್ನುವುದಕ್ಕೂ ತೊಂದರೆ ಆಗಲಿಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ.

ಇನ್ನು ಮೈಯ ಕಡೆ ಬರೋಣ. ನನಗೆ ತುಂಬಾ ಇಷ್ಟದ ಭಾಗ ಇದು.

ಪ್ಲೇಟು ಮೂಳೆಯ ಮೇಲೆ ಕೂತ ಕ್ಷಣ ಅದರ ಮೇಲೆ ರಕ್ತ ಹರಿಯುತ್ತದೆ. ಆಗ ನಡೆಯುವುದು ಕೆಂಪು ಬಸ್ಸಿನ ಸೀಟು ಹಿಡಿಯುವ ಕೆಲಸ. ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆಯುತ್ತಾರಲ್ಲ, ಹಾಗೆ ರಕ್ತದ ಪ್ರೋಟೀನುಗಳು ಸೆಕೆಂಡುಗಳಲ್ಲಿ ಬಂದು ಲೋಹದ ಮೇಲೆ ಕೂರುತ್ತವೆ. ರಕ್ತದ ನೀರಿನಂಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ, ಚುರುಕಾಗಿ ಓಡಾಡುವ ಆಲ್ಬುಮಿನ್ ಮೊದಲ ಸಾಲಿನಲ್ಲೇ ಬರುತ್ತದೆ. ಸ್ವಲ್ಪ ಹೊತ್ತಿಗೆ ನಿಧಾನವಾಗಿ ಬರುವ, ಆದರೆ ಗಟ್ಟಿಯಾಗಿ ಅಂಟುವ ಪ್ರೋಟೀನುಗಳು ಬಂದು ಅದನ್ನು ಎಬ್ಬಿಸಿ ತಾವು ಕೂರುತ್ತವೆ. ಇದನ್ನು ಕಂಡು ಹೇಳಿದವರು ಲಿಯೋ ವ್ರೋಮನ್. ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರಕ್ತ ವಿಜ್ಞಾನಿ. ಡಚ್ ಭಾಷೆಯ ಹೆಸರಾಂತ ಕವಿ ಕೂಡ. ವಿಜ್ಞಾನಿಗಳು ಈ ಸೀಟು ಬದಲಾವಣೆಯನ್ನು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಹಾಗಾಗಿ ಜೀವಕೋಶ ಅಲ್ಲಿಗೆ ತಲುಪುವ ಹೊತ್ತಿಗೆ ಬರಿಯ ಲೋಹ ಉಳಿದೇ ಇರುವುದಿಲ್ಲ. ಲೋಹದ ಮೇಲೆ ಆಕ್ಸೈಡ್, ಆಕ್ಸೈಡ್ ಮೇಲೆ ನೀರು, ನೀರಿನ ಮೇಲೆ ಪ್ರೋಟೀನು. ಕೋಶ ಮುಟ್ಟುವುದು ಈ ಪ್ರೋಟೀನಿನ ಹಾಸನ್ನು. ಕೋಶದ ಮೈಮೇಲೆ ಇಂಟೆಗ್ರಿನ್ ಅನ್ನುವ ಪುಟ್ಟ ಕೈಗಳಿವೆ. ಫೈಬ್ರೊನೆಕ್ಟಿನ್‌ನಂಥ ಪ್ರೋಟೀನಿನಲ್ಲಿ ಮೂರೇ ಅಮೈನೊ ಆಮ್ಲಗಳ ಒಂದು ಗುರುತು ಇರುತ್ತದೆ. ಕೈ ಆ ಗುರುತನ್ನು ಹುಡುಕಿ ಹಿಡಿಯುತ್ತದೆ. ಇದು ಗೊತ್ತಾಗಿದ್ದು 1984ರಲ್ಲಿ. ಅದೇ ಪ್ರೋಟೀನು ಒಂದು ಲೋಹದ ಮೇಲೆ ಗುರುತು ಮೇಲೆ ಮಾಡಿ ಕೂರಬಹುದು, ಇನ್ನೊಂದರ ಮೇಲೆ ಮಗುಚಿ ಕೂರಬಹುದು. ಮಗುಚಿ ಕೂತರೆ ಕೋಶಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

ನನ್ನ ಮೇಜಿನ ಮೇಲೆ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಹತ್ತು ಪೈಸೆ ನಾಣ್ಯದಷ್ಟು ಟೈಟಾನಿಯಂ ಬಿಲ್ಲೆಗಳು. ಕೆಲವನ್ನು ಕನ್ನಡಿಯಂತೆ ಪಾಲಿಶ್ ಮಾಡಿರುತ್ತೇವೆ. ಕೆಲವಕ್ಕೆ ಮರಳಿನಂಥ ಪುಡಿ ಎರಚಿ, ಆಮ್ಲದಲ್ಲಿ ಅದ್ದಿ ಒರಟು ಮಾಡಿರುತ್ತೇವೆ. ಎರಡರ ಮೇಲೂ ಅಷ್ಟಷ್ಟೇ ಕೋಶ ಹಾಕಿ ಇನ್‌ಕ್ಯುಬೇಟರಿನಲ್ಲಿ ಇಡುತ್ತೇವೆ. ಲೋಹದ ಮೂಲಕ ಬೆಳಕು ಹಾಯುವುದಿಲ್ಲ. ಅದಕ್ಕೆ ಕೋಶಕ್ಕೆ ಹೊಳೆಯುವ ಬಣ್ಣ ಹಾಕಿ ಕತ್ತಲೆ ಕೋಣೆಯಲ್ಲಿ ನೋಡಬೇಕು. ಕೋಶದ ಒಳಗಿನ ನಾರುಗಳಿಗೆ ಅಂಟುವ ಬಣ್ಣವನ್ನು ಒಂದು ವಿಷದ ಅಣಬೆಯ ಸತ್ವದಿಂದ ಮಾಡಿರುತ್ತಾರೆ. ಪಾಲಿಶ್ ಮಾಡಿದ ಬಿಲ್ಲೆಯ ಮೇಲೆ ಕೋಶಗಳು ಕಾವಲಿಗೆ ಹುಯ್ದ ದೋಸೆ ಹಿಟ್ಟಿನಂತೆ ಚಪ್ಪಟೆಯಾಗಿ ಹರಡಿರುತ್ತವೆ. ಒರಟು ಬಿಲ್ಲೆಯ ಮೇಲೆ ಹಾಗಲ್ಲ. ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ಕಾಲು ಚಾಚಿ, ನಡುವಿನ ಹಳ್ಳದ ಮೇಲೆ ಸೇತುವೆಯ ಹಾಗೆ ನಿಂತಿರುತ್ತವೆ.

ವಾರ ಕಳೆದ ಮೇಲೆ ಎಣಿಸಿದರೆ ನುಣುಪು ಬಿಲ್ಲೆಯ ಮೇಲೆ ಕೋಶಗಳು ಜಾಸ್ತಿ. ಮೊದಲ ಸಲ ನೋಡಿದಾಗ ನುಣುಪೇ ಒಳ್ಳೆಯದು ಅಂದುಕೊಂಡಿದ್ದೆ. ನನ್ನ ಗುರುಗಳು, "ತಲೆ ಎಣಿಸಬೇಡ, ಕೆಲಸ ನೋಡು" ಅಂದರು. ಕೆಲಸ ನೋಡಿದರೆ ಲೆಕ್ಕ ತಿರುಗುಮುರುಗು. ಒರಟಿನ ಮೇಲೆ ಕೂತ ಕೋಶಗಳು ಸಂಖ್ಯೆ ಹೆಚ್ಚಿಸಿಕೊಳ್ಳುವುದನ್ನು ಕಡಿಮೆ ಮಾಡಿ ಮೂಳೆ ಕಟ್ಟಲು ಶುರು ಮಾಡಿರುತ್ತವೆ. ಮೂಳೆ ಕಟ್ಟುವಾಗ ಬರುವ ಕಿಣ್ವ, ಪ್ರೋಟೀನು ಎಲ್ಲ ಅಲ್ಲೇ ಜಾಸ್ತಿ. ಅದೇ ಕೋಶ, ಅದೇ ಟೈಟಾನಿಯಂ. ಬದಲಾದದ್ದು ಮೇಲ್ಮೈ ಮಾತ್ರ. 2007ರಲ್ಲಿ ಬ್ರಿಟನ್ನಿನ ಒಂದು ತಂಡ ಇದನ್ನು ಇನ್ನೂ ಮುಂದೆ ತೆಗೆದುಕೊಂಡು ಹೋಯಿತು. ಪ್ಲಾಸ್ಟಿಕ್ ಮೇಲೆ 120 ನ್ಯಾನೋಮೀಟರಿನ ಗುಳಿಗಳನ್ನು ಸಾಲಾಗಿ ಕೊರೆದರೆ, ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶಗಳು ಸುಮ್ಮನೆ ಇದ್ದವು. ಗುಳಿಗಳನ್ನು ಸಾಲಿನಿಂದ ಸ್ವಲ್ಪ ಆಚೀಚೆ ಸರಿಸಿ ಕೊರೆದರೆ ಮೂಳೆ ಕೋಶಗಳಾಗಲು ಹೊರಟವು. ಔಷಧಿ ಇಲ್ಲ, ಹಾರ್ಮೋನು ಇಲ್ಲ. ನೆಲದ ಉಬ್ಬುತಗ್ಗು ಅಷ್ಟೇ. ಈ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಬಳಸುವ ಕೋಶಗಳಲ್ಲಿ ಒಂದರ ಹೆಸರು ಸಾವೋಸ್-2. 1973ರಲ್ಲಿ ಮೂಳೆ ಕ್ಯಾನ್ಸರ್ ಬಂದಿದ್ದ 11 ವರ್ಷದ ಹುಡುಗಿಯೊಬ್ಬಳ ಗಡ್ಡೆಯಿಂದ ತೆಗೆದದ್ದು. ಅದರ ಸಂತಾನ ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಬಾಟಲಿಯ ಮೇಲೆ ಅವಳ ಹೆಸರಿಲ್ಲ, ಒಂದು ಸಂಖ್ಯೆ ಇದೆ. ಹೊಸ ಬಾಟಲಿ ತೆಗೆಯುವಾಗ ನನಗೆ ಒಮ್ಮೆ ಅವಳ ನೆನಪಾಗುತ್ತದೆ. ಸಭೆಯಲ್ಲಿದ್ದ ಹನ್ನೊಂದು ಕೈಗಳಿಗೆ ಆ ಮಗುವಿನ ಋಣ ಒಂದಿಷ್ಟಾದರೂ ಇದೆ.

ಟೈಟಾನಿಯಂ ಮೂಳೆಗೆ ಇಷ್ಟು ಹಿಡಿಸುತ್ತದೆ ಅಂತ ಮೊದಲು ಗೊತ್ತಾಗಿದ್ದು ಬೇರೆ ಏನನ್ನೋ ಹುಡುಕುವಾಗ. 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದರು. ಮೂಳೆಯೊಳಗೆ ಟೈಟಾನಿಯಂನ ಪುಟ್ಟ ಇಣುಕುಗಾಜು ಕೂರಿಸಿದ್ದರು. ದುಬಾರಿ ಸಾಮಾನು, ಮತ್ತೆ ಬಳಸಬೇಕಿತ್ತು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. ಸಾಮಾನು ಹಾಳಾಯಿತು ಅಂತ ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಯಾಕೆ ಬರುತ್ತಿಲ್ಲ ಅಂತ ಕೇಳಿಕೊಂಡರು. 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಬೇರಿನ ಮೇಲೆ ಹಲ್ಲು ಕೂರಿಸಿದರು. ಸೊಂಟದ ಕೀಲಿಗೆ ಸಿಮೆಂಟ್ ಇಲ್ಲದೆ ಹಾಕುವ ಟೈಟಾನಿಯಂ ಕಾಂಡಗಳಲ್ಲೂ ನಡೆಯುವುದು ಇದೇ ಬೆಸುಗೆ.

ಆದರೆ ಈ ಬೆಸುಗೆಗೆ ಒಂದು ಷರತ್ತು ಇದೆ. ಮೊದಲ ವಾರಗಳಲ್ಲಿ ಲೋಹ ಅಲುಗಾಡಬಾರದು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. 50 ಮೈಕ್ರಾನ್‌ವರೆಗೆ ಅಲುಗಿದರೆ ಮೂಳೆ ಸಹಿಸಿಕೊಂಡು ಬೆಳೆಯುತ್ತದೆ. 150 ಮೈಕ್ರಾನ್ ದಾಟಿದರೆ ಕೋಶಗಳು ಮೂಳೆ ಕಟ್ಟುವ ಯೋಚನೆ ಬಿಟ್ಟು ನಾರಿನ ಪೊರೆ ನೇಯುತ್ತವೆ. ಹಸಿ ಗೋಡೆಗೆ ಹೊಡೆದ ಮೊಳೆಯನ್ನು ದಿನಾ ಅಲ್ಲಾಡಿಸಿದ ಹಾಗೆ. ಡಾಕ್ಟರು "ಆರು ವಾರ ಕಾಲು ಊರಬೇಡಿ" ಅಂದರೆ, ಅದು ಸುಮ್ನೆ ಹೇಳುವ ಮಾತಲ್ಲ. ಅಲ್ಲಿ ಒಳಗೆ ಕೋಶಗಳು ಮೂಳೆ ಕಟ್ಟಬೇಕೋ ನಾರು ನೇಯಬೇಕೋ ಅಂತ ತೀರ್ಮಾನ ಮಾಡುತ್ತಿರುತ್ತವೆ.

ಲೋಹದ ಬಿಗಿತನದ, ಅಂದರೆ ಬಾಗದ ಗುಣದ, ಬಗ್ಗೆ ಎರಡೇ ಮಾತು. ಸ್ಟೀಲು ಮೂಳೆಗಿಂತ ಸುಮಾರು ಹತ್ತು ಪಟ್ಟು ಬಿಗಿ, ಟೈಟಾನಿಯಂ ಐದಾರು ಪಟ್ಟು. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆಗೆ ಕೆಲಸವಿಲ್ಲ. ಕೆಲಸವಿಲ್ಲದ ಮೂಳೆ ಸವೆಯುತ್ತದೆ.

ಈಗ ನನ್ನ ಮನಸ್ಸಿಗೆ ಭಾರವಾದ ವಿಷಯಕ್ಕೆ ಬರುತ್ತೇನೆ. ಲೋಹ ಗಟ್ಟಿಯಾಗಿ ಒಂದೇ ತುಂಡಾಗಿ ಇರುವಾಗ ಮೈ ಹೊಂದಿಕೊಳ್ಳುತ್ತದೆ. ಅದೇ ಲೋಹ ಪುಡಿಯಾದಾಗ ಕಥೆಯೇ ಬೇರೆ.

ನಮ್ಮ ಮೈಯಲ್ಲಿ ಮ್ಯಾಕ್ರೋಫೇಜ್ ಅನ್ನುವ ಕೋಶಗಳಿವೆ. ಕಸ ಬಳಿಯುವವರು. ಸತ್ತ ಕೋಶ, ಬ್ಯಾಕ್ಟೀರಿಯಾ, ಏನು ಸಿಕ್ಕರೂ ನುಂಗಿ ಜೀರ್ಣ ಮಾಡುತ್ತವೆ. ದೊಡ್ಡ ಪ್ಲೇಟನ್ನು ನುಂಗಲು ಆಗುವುದಿಲ್ಲ. ಆಗ ಹಲವು ಕೋಶ ಸೇರಿ ಒಂದೇ ದೈತ್ಯ ಕೋಶವಾಗಿ ಅದರ ಮೇಲೆ ಮಲಗುತ್ತವೆ, ಮೆಲ್ಲಗೆ ಸುಮ್ಮನಾಗುತ್ತವೆ. ಆದರೆ ಕಣ ಸಣ್ಣದಾದರೆ, ಅದರಲ್ಲೂ ಹತ್ತು ಮೈಕ್ರಾನ್‌ಗಿಂತ ಚಿಕ್ಕದಾದರೆ, ನುಂಗುತ್ತವೆ. ನುಂಗಿದ್ದು ಜೀರ್ಣವಾಗುವುದಿಲ್ಲ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರಂತೆ ಒದ್ದಾಡುತ್ತಾ ಸಹಾಯಕ್ಕೆ ಕೂಗು ಹಾಕುತ್ತವೆ. ಕೋಶಗಳ ಕೂಗು ಅಂದರೆ ಟಿಎನ್ಎಫ್, ಇಂಟರ್‌ಲ್ಯೂಕಿನ್‌ನಂಥ ಪ್ರೋಟೀನುಗಳು. ಆ ಕೂಗು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತದೆ. ಅವು ಬಂದು ಒಳ್ಳೆಯ ಮೂಳೆಯನ್ನೇ ಕರಗಿಸುತ್ತವೆ. ಸೋಂಕಿಲ್ಲ, ಪೆಟ್ಟಿಲ್ಲ. ಹತ್ತು ಹದಿನೈದು ವರ್ಷ ಚೆನ್ನಾಗಿದ್ದ ಕೀಲು ಸಡಿಲವಾಗುತ್ತದೆ.

ಇದರ ಮೊದಲ ಸುಳಿವು ಸಿಕ್ಕಿದ್ದು ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅವರಿಗೆ. ಇವತ್ತು ನಾವು ಮಾಡುವ ಸೊಂಟದ ಕೀಲು ಬದಲಾವಣೆಗೆ ದಾರಿ ಹಾಕಿದ ವೈದ್ಯ. ಲೋಹದ ಗುಂಡಿನ ಮೇಲೆ ಟೆಫ್ಲಾನ್ ಅನ್ನುವ ಪ್ಲಾಸ್ಟಿಕ್ಕಿನ ಬಟ್ಟಲು ಜೋಡಿಸಿದ್ದರು. ಕೆಲವೇ ವರ್ಷದಲ್ಲಿ ಟೆಫ್ಲಾನ್ ಸವೆದು, ಕೀಲಿನ ಸುತ್ತ ಮೊಸರಿನ ಗಟ್ಟಿಯಂಥ ಪದಾರ್ಥ ತುಂಬಿಕೊಂಡಿತು. ರೋಗಿಗಳನ್ನು ಮತ್ತೆ ಕರೆದು ಆಪರೇಷನ್ ಮಾಡಬೇಕಾಯಿತು. ಚಾರ್ನ್ಲಿ ಆಮೇಲೆ ಮಾಡಿದ್ದು ನನಗೆ ಮರೆಯಲು ಆಗುವುದಿಲ್ಲ. ಟೆಫ್ಲಾನಿನ ಮಾದರಿಯನ್ನೂ ಪಾಲಿಎಥಿಲೀನ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಮಾದರಿಯನ್ನೂ ತಮ್ಮ ತೊಡೆಯೊಳಗೇ ಸೇರಿಸಿಕೊಂಡರು. ತಿಂಗಳುಗಳು ಕಳೆದ ಮೇಲೆ ಟೆಫ್ಲಾನ್ ಇದ್ದ ಕಡೆ ಗಂಟು ಬೆಳೆದಿತ್ತು. ಪಾಲಿಎಥಿಲೀನ್ ಕಡೆ ಅಂಥದ್ದೇನೂ ಇರಲಿಲ್ಲ. 1963ರಲ್ಲಿ ಇದನ್ನು ವೈದ್ಯಪತ್ರಿಕೆಗೆ ಬರೆದು ತಿಳಿಸಿದರು. ಪಾಲಿಎಥಿಲೀನ್ ಗೆದ್ದಿತು. ಅದೂ ನಿಧಾನವಾಗಿ ಸವೆಯುತ್ತದೆ, ಅದರ ಪುಡಿಯೂ ಮೂಳೆ ಕರಗಿಸುತ್ತದೆ ಅಂತ ತಿಳಿಯಲು ಇನ್ನೂ ಹಲವು ವರ್ಷ ಬೇಕಾಯಿತು. 1990ರ ದಶಕದ ಕೊನೆಗೆ ಬಂದ ಹೊಸ ಬಗೆಯ ಪಾಲಿಎಥಿಲೀನ್ ತುಂಬಾ ಕಡಿಮೆ ಸವೆಯುತ್ತದೆ.

ಪ್ಲಾಸ್ಟಿಕ್ ಸವೆಯುತ್ತದಲ್ಲ, ಲೋಹಕ್ಕೆ ಲೋಹವನ್ನೇ ಜೋಡಿಸಿದರೆ ಹೇಗೆ? ಯೋಚನೆ ಚೆನ್ನಾಗಿಯೇ ಇತ್ತು. ಕೋಬಾಲ್ಟ್ ಕ್ರೋಮಿಯಂ ಗುಂಡು, ಕೋಬಾಲ್ಟ್ ಕ್ರೋಮಿಯಂ ಬಟ್ಟಲು. ತೂಕ ಹಾಕಿದರೆ ಸವೆತ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಕಡಿಮೆ. ಆದರೆ ಕೋಶ ತಕ್ಕಡಿ ಹಿಡಿದು ಕೂರುವುದಿಲ್ಲ. ಸವೆದ ಪ್ಲಾಸ್ಟಿಕ್ ಕಣ ಹೆಚ್ಚಾಗಿ ಒಂದು ಮೈಕ್ರಾನ್ ಅಥವಾ ಅದಕ್ಕಿಂತ ಸ್ವಲ್ಪ ಚಿಕ್ಕದಾಗಿ ಇರುತ್ತದೆ. ಸವೆದ ಲೋಹದ ಕಣ ಅದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು, ಹತ್ತಾರು ನ್ಯಾನೋಮೀಟರ್ ಅಷ್ಟೇ. ತೂಕ ಕಡಿಮೆಯಾದರೂ ಸಂಖ್ಯೆ ವರ್ಷಕ್ಕೆ ಲಕ್ಷ ಕೋಟಿಗಳಲ್ಲಿ. ಮ್ಯಾಕ್ರೋಫೇಜ್ ಅವನ್ನು ನುಂಗಿದಾಗ ಅದರ ಹೊಟ್ಟೆಯ ಆಮ್ಲದಲ್ಲಿ ಕೋಬಾಲ್ಟ್ ಕರಗುತ್ತದೆ. ಹೊರಗೆ ಕಲಾಯಿ ಕಾಪಾಡುತ್ತಿತ್ತು, ಒಳಗೆ ಕಾಪಾಡುವವರಿಲ್ಲ. ಕೋಶ ಸಾಯುತ್ತದೆ. ಅದರ ಹೊಟ್ಟೆಯಲ್ಲಿದ್ದ ಕಣ ಚೆಲ್ಲುತ್ತದೆ. ಅದನ್ನು ಇನ್ನೊಂದು ಕೋಶ ಬಂದು ನುಂಗುತ್ತದೆ. ಕೀಲಿನ ಸುತ್ತ ಲಿಂಫೋಸೈಟು ಅನ್ನುವ ಬಿಳಿ ರಕ್ತಕಣಗಳು ಗುಂಪು ಕಟ್ಟುತ್ತವೆ. ಸ್ನಾಯು ಕೊಳೆಯುತ್ತದೆ, ದ್ರವ ತುಂಬಿದ ಗಡ್ಡೆ ಏಳುತ್ತದೆ. ಕೆಲವರಲ್ಲಿ ರಕ್ತಕ್ಕೆ ಸೇರಿದ ಕೋಬಾಲ್ಟ್ ಕಿವಿ, ಕಣ್ಣು, ಹೃದಯ, ಥೈರಾಯ್ಡ್‌ವರೆಗೂ ಹೋಗಿ ತೊಂದರೆ ಕೊಟ್ಟಿದೆ.

ಜಾನ್ಸನ್ ಆಂಡ್ ಜಾನ್ಸನ್‌ಗೆ ಸೇರಿದ ಡೆಪ್ಯೂ ಕಂಪನಿಯ ಎಎಸ್ಆರ್ ಸೊಂಟದ ಕೀಲು ಇಂಥದ್ದೇ. 2010ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಅಷ್ಟು ಹೊತ್ತಿಗೆ ಸುಮಾರು 93,000 ಜನರಿಗೆ ಹಾಕಿ ಆಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ದಾಖಲೆ ನೋಡಿದರೆ ಐದೇ ವರ್ಷದಲ್ಲಿ ನೂರರಲ್ಲಿ 12-13 ಜನರಿಗೆ ಮತ್ತೆ ಆಪರೇಷನ್. ಭಾರತದಲ್ಲಿ ಸುಮಾರು 4,700 ಕೀಲುಗಳನ್ನು ಹಾಕಿದ್ದರು. ಇಲ್ಲಿ ಕೇಂದ್ರ ಸರ್ಕಾರ ಪರಿಣಿತರ ಸಮಿತಿ ಮಾಡಿದ್ದು 2017ರಲ್ಲಿ. ಸಮಿತಿ ಪ್ರತಿಯೊಬ್ಬರಿಗೂ ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂದಿತು. ದುಡ್ಡಿಗಿಂತ ದೊಡ್ಡ ಕಷ್ಟ ಜನರನ್ನು ಹುಡುಕುವುದಾಗಿತ್ತು. ಇಂಗ್ಲೆಂಡಿನಲ್ಲಿ ಯಾರಿಗೆ ಯಾವ ಕೀಲು ಹಾಕಿದ್ದಾರೆ ಅಂತ ಬರೆದಿಡುವ ರಾಷ್ಟ್ರೀಯ ದಾಖಲೆ ಇತ್ತು. ಅಂಥ ದಾಖಲೆಗಳಿಂದಲೇ ತೊಂದರೆ ಬೆಳಕಿಗೆ ಬಂತು. ನಮ್ಮಲ್ಲಿ ಹಲವರಿಗೆ ತಮ್ಮ ಸೊಂಟದಲ್ಲಿ ಯಾವ ಕಂಪನಿಯದು ಇದೆ ಅಂತಲೇ ಗೊತ್ತಿರಲಿಲ್ಲ. ಹೇಳಿದವರೂ ಇರಲಿಲ್ಲ.

ಅದಕ್ಕೇ ಸಭೆಯಲ್ಲಿ ಎಲ್ಲರನ್ನೂ ಬೇಡಿಕೊಂಡೆ, ಇಲ್ಲೂ ಬೇಡಿಕೊಳ್ಳುತ್ತೇನೆ. ಆಪರೇಷನ್ ಮುಗಿದ ಮೇಲೆ ಇಂಪ್ಲಾಂಟಿನ, ಅಂದರೆ ಒಳಗೆ ಹಾಕಿದ ಸಾಮಾನಿನ, ಸ್ಟಿಕ್ಕರ್ ಕೇಳಿ ತೆಗೆದುಕೊಳ್ಳಿ. ಪೊಟ್ಟಣದ ಮೇಲೆ ಕಂಪನಿ ಹೆಸರು, ಲೋಹ, ಲಾಟ್ ನಂಬರ್ ಇರುತ್ತದೆ. ಅದನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಳ್ಳಿ. ಪಡಿತರ ಚೀಟಿ ಇಡುವ ಕಡೆ ಇಡಿ.

ನಿಕಲ್ ಬಗ್ಗೆ ಒಬ್ಬ ಹೆಣ್ಣುಮಗಳು ಕೇಳಿದರು. "ನಂಗೆ ಚಿನ್ನ ಅಲ್ಲದ ಓಲೆ ಹಾಕಿದ್ರೆ ಕಿವಿ ಸೋರುತ್ತೆ ಮೇಡಂ, ಸ್ಟೀಲ್ ಪ್ಲೇಟ್ ಹಾಕಬಹುದಾ?" ಒಳ್ಳೆಯ ಪ್ರಶ್ನೆ. ಕಿವಿ ಸೋರಲು ಹೆಚ್ಚಾಗಿ ಕಾರಣ ನಿಕಲ್. ಮೂಳೆಗೆ ಹಾಕುವ ಸ್ಟೀಲಿನಲ್ಲೂ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನಿಕಲ್ ಇದೆ. ಚರ್ಮಕ್ಕೆ ಆಗದವರೆಲ್ಲರಿಗೂ ಮೂಳೆಯಲ್ಲಿ ತೊಂದರೆ ಆಗುತ್ತದೆ ಅಂತಲ್ಲ. ಬಹಳ ಜನರಿಗೆ ಆಗುವುದೇ ಇಲ್ಲ. ಆದರೆ ಡಾಕ್ಟರಿಗೆ ಮೊದಲೇ ಹೇಳಿ. ಟೈಟಾನಿಯಂ ಹಾಕಲು ಬರುತ್ತದೆ.

ಇದರ ಜೊತೆ ಒಂದು ಸೋಜಿಗದ ವಿಷಯ ಹೇಳಿದೆ. ಇಲಿಗಳಿಗೆ ನಿಕಲ್ ಅಲರ್ಜಿ ಬರಿಸುವುದು ಬಹಳ ಕಷ್ಟ. ಯಾಕೆ ಅಂತ 2010ರಲ್ಲಿ ಜರ್ಮನಿಯ ಸಂಶೋಧಕರು ಕಂಡುಹಿಡಿದರು. ನಮ್ಮ ಕೋಶದ ಮೇಲೆ ಬ್ಯಾಕ್ಟೀರಿಯಾ ಬಂದರೆ ಎಚ್ಚರಿಸುವ ಟಿಎಲ್ಆರ್-4 ಅನ್ನುವ ಪ್ರೋಟೀನ್ ಇದೆ. ಮನುಷ್ಯರ ಟಿಎಲ್ಆರ್-4ರಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೊ ಆಮ್ಲ ಒಂದೆರಡು ಕಡೆ ಇದೆ, ನಿಕಲ್ ಅಲ್ಲಿ ಬಂದು ಸಿಕ್ಕಿಕೊಳ್ಳುತ್ತದೆ. ಇಲಿಯದರಲ್ಲಿ ಆ ಜಾಗದಲ್ಲಿ ಹಿಸ್ಟಿಡಿನ್ ಇಲ್ಲ. ಹಾಗಾಗಿ ಬರಿಯ ಲೋಹಕ್ಕೆ ನಮ್ಮ ಕೋಶ ಬ್ಯಾಕ್ಟೀರಿಯಾ ಬಂತು ಅಂತ ಗಂಟೆ ಬಾರಿಸುತ್ತದೆ, ಇಲಿಯ ಕೋಶ ಬಾರಿಸುವುದಿಲ್ಲ. ಇಲಿಗೆ ಹಿಡಿಸಿದ್ದು ನಮಗೂ ಹಿಡಿಸುತ್ತದೆ ಅಂತ ನಂಬಿ ಕೂರಬಾರದು. ನಾನು ಮನುಷ್ಯರ ಕೋಶಗಳ ಮೇಲೆಯೇ ಕೆಲಸ ಮಾಡಬೇಕು ಅಂತ ಹಠ ಹಿಡಿಯಲು ಇದೂ ಒಂದು ಕಾರಣ.

ಆಪರೇಷನ್ ಆದವರಿಗೆ ಬದನೆಕಾಯಿ ಕೊಡಬಾರದು, ನಂಜಾಗುತ್ತದೆ ಅಂತ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಹೇಳಿದರು. ಬದನೆಕಾಯಿಗೂ ಇದಕ್ಕೂ ಸಂಬಂಧ ಇಲ್ಲ ಅಜ್ಜಿ, ಆದರೆ ನಂಜಿನ ಭಯ ಸರಿಯಾಗಿದೆ ಅಂದೆ. ಲೋಹ ಒಳಗೆ ಹೋದ ಕೂಡಲೇ ಒಂದು ಓಟ ಶುರುವಾಗುತ್ತದೆ. ಒಂದು ಕಡೆ ನಮ್ಮ ಕೋಶಗಳು, ಇನ್ನೊಂದು ಕಡೆ ಬ್ಯಾಕ್ಟೀರಿಯಾ. ಅಮೆರಿಕದ ಮೂಳೆ ತಜ್ಞ ಆಂಥನಿ ಗ್ರಿಸ್ಟಿನಾ 1987ರಲ್ಲಿ ಇದನ್ನು ಮೇಲ್ಮೈಗಾಗಿ ನಡೆಯುವ ಓಟ ಅಂತ ಕರೆದರು. ನಮ್ಮ ಕೋಶ ಮೊದಲು ಕೂತರೆ ಬ್ಯಾಕ್ಟೀರಿಯಾಕ್ಕೆ ಜಾಗ ಸಿಗುವುದಿಲ್ಲ. ಬ್ಯಾಕ್ಟೀರಿಯಾ ಮೊದಲು ಕೂತರೆ ಲೋಳೆಯ ಹೊದಿಕೆ ಹೊದ್ದುಕೊಳ್ಳುತ್ತದೆ, ಆಮೇಲೆ ಮಾತ್ರೆ ಇಂಜೆಕ್ಷನ್ ಅದನ್ನು ಅಲ್ಲಾಡಿಸುವುದು ಕಷ್ಟ. ಈ ಓಟದಲ್ಲಿ ನಮ್ಮ ಕೋಶಗಳ ಕಾಲು ಹಿಡಿದು ಎಳೆಯುವುದು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಬೀಡಿ ಸಿಗರೇಟು. ಬದನೆಕಾಯಿ ಬಿಟ್ಟು ಬೀಡಿ ಸೇದುವವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಮನಸ್ಸಿಗೆ ಬೇಜಾರಾಗುತ್ತದೆ.

ಉಳಿದ ಪ್ರಶ್ನೆಗಳಿಗೆ ಚಿಕ್ಕ ಉತ್ತರ. ಎಂಆರ್‌ಐ ಮಾಡಿಸಬಹುದಾ? ಈಗಿನ ಮೂಳೆ ಪ್ಲೇಟುಗಳು ಅಯಸ್ಕಾಂತಕ್ಕೆ ಅಂಟುವಂಥವಲ್ಲ, ಸಾಮಾನ್ಯವಾಗಿ ಮಾಡಿಸಬಹುದು. ಆದರೆ ಲೋಹ ಇದೆ ಅಂತ ಅಲ್ಲಿನವರಿಗೆ ಮೊದಲೇ ಹೇಳಲೇಬೇಕು. ಪ್ಲೇಟು ತೆಗೆಸಬೇಕಾ? ದೊಡ್ಡವರಲ್ಲಿ ತೊಂದರೆ ಇಲ್ಲದಿದ್ದರೆ ಎಷ್ಟೋ ಸಲ ಹಾಗೇ ಬಿಡುತ್ತಾರೆ. ಮಕ್ಕಳಲ್ಲಿ ಮೂಳೆ ಬೆಳೆಯುವುದರಿಂದ ಸಾಮಾನ್ಯವಾಗಿ ತೆಗೆಯುತ್ತಾರೆ. ಟೈಟಾನಿಯಂ ಆದರೆ ತಡ ಮಾಡಿದಷ್ಟೂ ತೆಗೆಯುವುದು ಕಷ್ಟ. ಮೊಲದ ಕಾಲಿನಲ್ಲಿ ಆದದ್ದೇ ಇಲ್ಲೂ ಆಗುತ್ತದೆ.

ಎಲ್ಲ ಮುಗಿದು ಜನ ಟೀ ಕುಡಿಯಲು ಎದ್ದಾಗ ಐವತ್ತರ ಆಸುಪಾಸಿನ ಒಬ್ಬರು ಹತ್ತಿರ ಬಂದರು. ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಉದ್ದನೆಯ ಪೊಟ್ಟಣ. "ನಮ್ಮ ಅಪ್ಪನ ತೊಡೇಲಿದ್ದ ರಾಡು ಮೇಡಂ. ಸುಟ್ಟ ಮೂರನೇ ದಿನ ಮೂಳೆ ಆಯೋಕೆ ಹೋದಾಗ ಬೂದೀಲಿ ಸಿಕ್ತು. ನೀರಿಗೆ ಬಿಡೋಕೆ ಮನಸ್ಸು ಬರಲಿಲ್ಲ. ಇದು ಯಾವ ಲೋಹ?"

ಬಿಚ್ಚಿ ನೋಡಿದೆ. ಬೆಂಕಿಗೆ ಮೇಲೆಲ್ಲ ಕಪ್ಪಾಗಿತ್ತು, ಒಂದು ತುದಿಯಲ್ಲಿ ನೀಲಿ ಹೊಳಪು. ಸ್ಟೀಲಾಗಲಿ ಟೈಟಾನಿಯಂ ಆಗಲಿ ಕರಗಲು ಚಿತೆಯ ಬಿಸಿ ಸಾಲದು, ಬಣ್ಣ ಮಾತ್ರ ಬದಲಾಗುತ್ತದೆ. ಅಂಗೈ ಮೇಲೆ ಇಟ್ಟು ತೂಗಿದೆ. ಟೈಟಾನಿಯಂ ಆಗಿದ್ದರೆ ಆ ಉದ್ದಕ್ಕೆ ಸುಮಾರು ಅರ್ಧ ಭಾರ ಇರಬೇಕಿತ್ತು. "ಸ್ಟೀಲು" ಅಂದೆ. "ಎಷ್ಟು ವರ್ಷ ಇತ್ತು?"

"ಹತ್ತೊಂಬತ್ತು ವರ್ಷ. ಒಂದು ದಿನಾನೂ ನೋವು ಅನ್ನಲಿಲ್ಲ. ಕೊನೇವರೆಗೂ ತೋಟಕ್ಕೆ ನಡ್ಕೊಂಡೇ ಹೋಗ್ತಿದ್ರು."

ಸ್ಕ್ರೂ ಹಾಕುವ ತೂತಿನ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ನೋಡಿದೆವು. ಮಸಿಯ ಕೆಳಗೆ ಸವೆದ ಗುರುತು ಕಾಣುತ್ತಿತ್ತು, ಅಮ್ಮನ ಪ್ಲೇಟಿನಲ್ಲಿ ಇದ್ದಂತೆಯೇ. ಅವರು ರಾಡನ್ನು ಮತ್ತೆ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಚೀಲಕ್ಕೆ ಹಾಕಿಕೊಂಡರು.